ಲೇಹ್‌ನಿಂದ ಪೋರ್ಟ್ ಬ್ಲೇರ್: ಮೊಬೈಲ್‌ನಲ್ಲಿ ನಾಲ್ಕು ಗಂಟೆ, ದಾರಿಯಲ್ಲಿ ಎರಡು ದಿನ

ಪ್ರಶ್ನೆ: ಸಾರ್, ನಮ್ಮದು ಮದ್ದೂರು. ಮಗ ಕೇಂದ್ರ ಸರ್ಕಾರದ ಕೆಲಸದಲ್ಲಿ ಲೇಹ್‌ನಲ್ಲಿದ್ದಾನೆ. ಸೊಸೆ, ಎರಡು ವರ್ಷ ತುಂಬಿದ ಮಗು ಜೊತೆಗಿದ್ದಾರೆ. ಈಗ ಪೋರ್ಟ್ ಬ್ಲೇರ್‌ಗೆ ವರ್ಗ ಆಗಿದೆ. ಮಗಳು ಮೊಬೈಲ್‌ನಲ್ಲಿ ನೋಡಿ, ಲೇಹ್‌ನಿಂದ ಅಲ್ಲಿಗೆ 2,930 ಕಿಲೋಮೀಟರ್, ವಿಮಾನದಲ್ಲಿ 4 ಗಂಟೆ 10 ನಿಮಿಷ ಅಂತ ತೋರಿಸಿದಳು. ಮಗ ನೋಡಿದ್ರೆ ಎರಡು ದಿನ ಬೇಕು ಅಂತಾನೆ. ನಾಲ್ಕು ಗಂಟೆ ದಾರಿಗೆ ಎರಡು ದಿನ ಯಾಕೆ? ಮಗು ಇಟ್ಕೊಂಡು ನೇರ ವಿಮಾನ ಹಿಡಿಯೋಕೆ ಆಗಲ್ವಾ? ಆಮೇಲೆ ನಾನು ನೋಡೋಕೆ ಹೋಗೋದಾದ್ರೆ ಮೈಸೂರಿನ ವಿಮಾನ ನಿಲ್ದಾಣದಿಂದಲೇ ಹೋಗಬಹುದಾ?

ಉತ್ತರ: ಅಮ್ಮ, ಮಗಳು ತೋರಿಸಿದ ಲೆಕ್ಕವೂ ಸರಿ, ಮಗ ಹೇಳಿದ್ದೂ ಸರಿ. ಮೊಬೈಲ್ ಕೊಟ್ಟಿರುವುದು ಭೂಪಟದ ಮೇಲಿನ ಎರಡು ಚುಕ್ಕಿಗಳ ಅಂತರ. ಮಗ ಹೇಳುತ್ತಿರುವುದು ಎರಡು ವಿಮಾನ ನಿಲ್ದಾಣಗಳ ನಡುವಿನ ಪ್ರಯಾಣ. ಲೇಹ್ ಬೆಟ್ಟಗಳ ನಡುವೆ ಇದೆ, ಪೋರ್ಟ್ ಬ್ಲೇರ್ ಕಡಲ ನಡುವೆ ಇದೆ. ಲೇಹ್‌ನಲ್ಲಿ ಹೆಚ್ಚು ಇಂಧನ ಹೊತ್ತು ವಿಮಾನ ಏಳಲಾರದು. ಪೋರ್ಟ್ ಬ್ಲೇರ್‌ಗೆ ಹೆಚ್ಚು ಇಂಧನ ಇಟ್ಟುಕೊಳ್ಳದೆ ಹೋಗುವಂತಿಲ್ಲ. ನೇರ ವಿಮಾನ ಸಿಗದಿರುವುದಕ್ಕೆ ನನ್ನ ಪ್ರಕಾರ ಇದೇ ದೊಡ್ಡ ಕಾರಣ. ವಿಮಾನ ಸಂಸ್ಥೆಯಲ್ಲಿ ಫ್ಲೈಟ್ ಡಿಸ್ಪ್ಯಾಚರ್ ಆಗಿ, ಅಂದರೆ ಪ್ರತಿ ಹಾರಾಟಕ್ಕೂ ದಾರಿ, ಇಂಧನ, ತೂಕದ ಲೆಕ್ಕ ಹಾಕಿ ಪೈಲಟ್ ಕೈಗೆ ಕೊಡುವ ಕೆಲಸ ಮಾಡಿದವನು ನಾನು. ಆ ಲೆಕ್ಕವನ್ನೇ ನಿಮ್ಮ ಮುಂದೆ ಬಿಡಿಸಿ ಇಡುತ್ತೇನೆ.

ಮೊದಲು ದೂರದ ವಿಷಯ. ಲೇಹ್ ನಿಲ್ದಾಣ ಇರುವುದು ಸುಮಾರು 34.1 ಡಿಗ್ರಿ ಉತ್ತರ ಅಕ್ಷಾಂಶ, 77.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಪೋರ್ಟ್ ಬ್ಲೇರ್ 11.6 ಡಿಗ್ರಿ ಉತ್ತರ, 92.7 ಡಿಗ್ರಿ ಪೂರ್ವದಲ್ಲಿ. ಭೂಮಿಯ ನಡುಬಿಂದುವಿನಿಂದ ಈ ಎರಡೂ ಊರಿಗೆ ಗೆರೆ ಎಳೆದರೆ ನಡುವೆ ಬರುವ ಕೋನ 26.4 ಡಿಗ್ರಿ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ, ಒಂದು ನಾಟಿಕಲ್ ಮೈಲಿಗೆ 1.852 ಕಿಲೋಮೀಟರ್. ಗುಣಿಸಿದರೆ 2,930ರ ಆಸುಪಾಸಿಗೆ ಬರುತ್ತದೆ. ಬೇರೆ ಬೇರೆ ಕಡೆ ನೋಡಿದರೆ ಐದೋ ಹತ್ತೋ ಕಿಲೋಮೀಟರ್ ಆಚೀಚೆ ಕಾಣಬಹುದು. ಭೂಮಿ ಸಮಭಾಜಕದ ಹತ್ತಿರ ತುಸು ಉಬ್ಬಿದೆ, ಧ್ರುವಗಳ ಹತ್ತಿರ ತುಸು ಚಪ್ಪಟೆ. ಕೆಲವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಕೆಲವರು ಭೂಮಿಯನ್ನು ಪೂರ್ತಿ ಗುಂಡಗೆ ಎಂದುಕೊಂಡು ಲೆಕ್ಕ ಹಾಕುತ್ತಾರೆ. ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಇಲ್ಲಿ ಇನ್ನೊಂದು ಮಾತು. ಲೇಹ್ ಎಂದರೆ ಎಲ್ಲೋ ಮೂಲೆಯಲ್ಲಿದೆ ಎಂದು ನಮಗೆ ಅನ್ನಿಸುತ್ತದೆ. ಆದರೆ ಮದ್ದೂರಿನಿಂದ ಉತ್ತರ ದಿಕ್ಕು ಹಿಡಿದು ಸುಮ್ಮನೆ ಹೋಗುತ್ತಲೇ ಇದ್ದರೆ ಸಿಗುವುದು ಲೇಹ್ ಸೀಮೆಯೇ. ರೇಖಾಂಶದಲ್ಲಿ ನಿಮ್ಮೂರಿಗೂ ಅದಕ್ಕೂ ಅರ್ಧ ಡಿಗ್ರಿಯಷ್ಟೇ ವ್ಯತ್ಯಾಸ.

ಲೇಹ್ ಮತ್ತು ಪೋರ್ಟ್ ಬ್ಲೇರ್ ನಡುವೆ ಎಳೆದ ಆ ನೇರ ಗೆರೆ ಯಾವ ಯಾವ ಊರಿನ ಮೇಲೆ ಹೋಗುತ್ತದೆ ಎಂದು ಮೊಬೈಲ್ ಹೇಳುವುದಿಲ್ಲ. ಲೇಹ್ ಬಿಟ್ಟ ಸ್ವಲ್ಪ ಹೊತ್ತಿಗೇ ಅದು ಗಡಿ ದಾಟಿ ಟಿಬೆಟ್ ಮೇಲೆ ಹೋಗುತ್ತದೆ. ಅಲ್ಲಿಂದ ಪಶ್ಚಿಮ ನೇಪಾಳ, ಆಮೇಲೆ ಉತ್ತರ ಪ್ರದೇಶ, ಬಿಹಾರ, ಜಾರ್ಖಂಡ್, ಕೊನೆಗೆ ಒಡಿಶಾದ ಬಾಲೇಶ್ವರದ ಹತ್ತಿರ ಕಡಲಿಗೆ ಇಳಿಯುತ್ತದೆ. ಲೇಹ್‌ನಿಂದ ಎದ್ದ ನಮ್ಮ ವಿಮಾನವೊಂದು ಆ ಗಡಿ ದಾಟಿ ಟಿಬೆಟ್ ಮೇಲೆ ಹಾಯ್ದು ಹೋಗುವುದು ನಡೆಯುವ ಮಾತಲ್ಲ. ರಾಜಕೀಯ ಪಕ್ಕಕ್ಕಿಟ್ಟರೂ ಇನ್ನೊಂದು ತೊಡಕಿದೆ, ನಮ್ಮ ಕೆಲಸದಲ್ಲಿ ಅದು ಹೆಚ್ಚು ಮುಖ್ಯ. ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ ಏನೋ ಕಾರಣಕ್ಕೆ ಇಳಿದುಹೋದರೆ ಮೇಲಿಂದ ಆಮ್ಲಜನಕದ ಮುಖವಾಡ ಬೀಳುತ್ತದೆ. ಸಾಮಾನ್ಯ ವಿಮಾನಗಳಲ್ಲಿ ಪ್ರಯಾಣಿಕರ ಆ ಆಮ್ಲಜನಕ ಕಾಲು ಗಂಟೆಯ ಆಸುಪಾಸು ಬರುತ್ತದೆ. ಅಷ್ಟರೊಳಗೆ ಪೈಲಟ್ ವಿಮಾನವನ್ನು 10,000 ಅಡಿಗೆ ಇಳಿಸಬೇಕು. ಕೆಳಗೆ ನೆಲವೇ 15,000 ಅಡಿ, ಶಿಖರಗಳು 20,000 ಅಡಿ ಇದ್ದರೆ ಎಲ್ಲಿಗೆ ಇಳಿಸುವುದು? ಅದಕ್ಕಾಗಿ ಬೆಟ್ಟದ ಮೇಲಿನ ಪ್ರತಿ ದಾರಿಗೂ, ಇಲ್ಲಿ ಹೀಗಾದರೆ ಈ ಕಡೆ ತಿರುಗಿ ಈ ಕಣಿವೆ ಹಿಡಿದು ಇಳಿಯಿರಿ ಎಂದು ಮೊದಲೇ ಗೆರೆ ಹಾಕಿಟ್ಟಿರುತ್ತಾರೆ. ಲೇಹ್–ದೆಹಲಿ ದಾರಿಯಲ್ಲಿ ಬೆಟ್ಟ ಬೇಗ ಮುಗಿದು ಬಯಲು ಸಿಗುವುದರಿಂದ ಅದು ಸಾಧ್ಯ. ಹಿಮಾಲಯದ ಉದ್ದಕ್ಕೂ ಹೋಗುವ ದಾರಿಗೆ ಅದು ಬಹಳ ಕಷ್ಟ.

ಈಗ ಆ 4 ಗಂಟೆ 10 ನಿಮಿಷ. ಏರ್‌ಬಸ್ ಎ320 ಥರದ ವಿಮಾನ ಮೇಲೇರಿದ ಮೇಲೆ ಗಂಟೆಗೆ ಸುಮಾರು 830 ಕಿಲೋಮೀಟರ್ ಹೋಗುತ್ತದೆ. ಮೊಬೈಲ್‌ನ ಲೆಕ್ಕದಲ್ಲಿ ಬಹುಪಾಲು ಗಂಟೆಗೆ 800 ಕಿಲೋಮೀಟರ್ ಎಂದು ಹಿಡಿದು, ಏರುವುದಕ್ಕೂ ಇಳಿಯುವುದಕ್ಕೂ ಅರ್ಧ ಗಂಟೆ ಸೇರಿಸಿರುತ್ತಾರೆ. 2,930ನ್ನು 800ರಿಂದ ಭಾಗಿಸಿ ಅರ್ಧ ಗಂಟೆ ಕೂಡಿಸಿ ನೋಡಿ, ಸರಿಯಾಗಿ 4 ಗಂಟೆ 10 ನಿಮಿಷಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಯಾವ ವಿಮಾನವೂ ಇಲ್ಲ, ಗಾಳಿಯೂ ಇಲ್ಲ, ವೇಳಾಪಟ್ಟಿಯೂ ಇಲ್ಲ. ಟಿಕೆಟ್ ಮೇಲೆ ಅಚ್ಚಾಗುವ ಸಮಯ ಬೇರೆ ಥರದ್ದು. ವಿಮಾನ ಬಾಗಿಲು ಮುಚ್ಚಿ ನಿಂತ ಜಾಗದಿಂದ ಕದಲಿದ್ದರಿಂದ ಹಿಡಿದು, ಇನ್ನೊಂದು ಊರಿನಲ್ಲಿ ಬಂದು ನಿಲ್ಲುವವರೆಗಿನ ಹೊತ್ತು ಅದು. ಮದ್ದೂರಿನಿಂದ ಬೆಂಗಳೂರಿಗೆ ಎಷ್ಟು ಹೊತ್ತು ಎಂದು ಕೇಳಿದವರಿಗೆ ಕೆಂಗೇರಿ ಮುಟ್ಟಿದ ಹೊತ್ತನ್ನು ಹೇಳಿದರೆ ಆಗುತ್ತದೆಯೇ? ಮೆಜೆಸ್ಟಿಕ್‌ನಲ್ಲಿ ಬಸ್ ಇಳಿಯುವವರೆಗೂ ಲೆಕ್ಕ ಹಿಡಿಯಬೇಕು. ಅದೇ ರೀತಿ ದೆಹಲಿಯಂಥ ದೊಡ್ಡ ನಿಲ್ದಾಣದಲ್ಲಿ ರನ್‌ವೇ ಮುಟ್ಟಲು, ಸರದಿ ಕಾಯಲು ಇಪ್ಪತ್ತು ನಿಮಿಷ ಹೋಗುವುದು ಮಾಮೂಲು. ಗಾಳಿಯದೂ ಒಂದು ಪಾಲಿದೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಗಾಳಿ ಬೀಸುತ್ತಿರುತ್ತದೆ, ಗಂಟೆಗೆ 150 ಕಿಲೋಮೀಟರ್ ದಾಟುವುದೂ ಉಂಟು. ದೆಹಲಿಯಿಂದ ಪೋರ್ಟ್ ಬ್ಲೇರ್‌ಗೆ ಹೋಗುವಾಗ ಆ ಗಾಳಿ ತಳ್ಳಿಕೊಡುತ್ತದೆ, ವಾಪಸ್ ಬರುವಾಗ ಎದುರಾಗುತ್ತದೆ. ಹಾಗಾಗಿ ಒಂದೇ ದಾರಿಗೆ ಹೋಗುವ ಹೊತ್ತು, ಬರುವ ಹೊತ್ತು ಟಿಕೆಟ್‌ನಲ್ಲಿ ಬೇರೆ ಬೇರೆ ಇದ್ದರೆ ತಪ್ಪೇನೂ ಆಗಿಲ್ಲ ಎಂದು ತಿಳಿಯಿರಿ.

ಇನ್ನು ಲೇಹ್. ಕುಶೋಕ್ ಬಕುಲ ರಿಂಪೋಚೆ ಅವರ ಹೆಸರಿನ ಆ ನಿಲ್ದಾಣ ಸಮುದ್ರಮಟ್ಟದಿಂದ 10,682 ಅಡಿ, ಅಂದರೆ ಸುಮಾರು 3,256 ಮೀಟರ್ ಎತ್ತರದಲ್ಲಿದೆ. ನಮ್ಮ ಮೈಸೂರಿನ ಮಂಡಕಳ್ಳಿ ನಿಲ್ದಾಣ 700 ಮೀಟರ್‌ಗಿಂತ ತುಸು ಹೆಚ್ಚು, ಅಷ್ಟೇ. ಲೇಹ್‌ನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿ ಇರುವುದರ ಮುಕ್ಕಾಲು ಭಾಗಕ್ಕಿಂತಲೂ ಕಡಿಮೆ. ರೆಕ್ಕೆಗೆ ಎತ್ತಲು ಗಾಳಿ ಬೇಕು, ಎಂಜಿನ್‌ಗೆ ಉರಿಯಲು ಗಾಳಿ ಬೇಕು, ಎರಡಕ್ಕೂ ಕೊರತೆ. ಸಮುದ್ರಮಟ್ಟದಲ್ಲಿ ಯಾವ ವೇಗಕ್ಕೆ ವಿಮಾನ ನೆಲ ಬಿಡುತ್ತದೋ, ಅಷ್ಟೇ ತೂಕಕ್ಕೆ ಇಲ್ಲಿ ಸುಮಾರು ಐದನೇ ಒಂದು ಪಾಲು ಹೆಚ್ಚು ವೇಗದಲ್ಲಿ ಓಡಬೇಕು. ಎಂಜಿನ್ ಶಕ್ತಿ ಕುಗ್ಗಿರುವುದರಿಂದ ಆ ವೇಗ ಬರುವುದೂ ತಡ. ಎದ್ದ ಕೂಡಲೇ ಸುತ್ತ ಬೆಟ್ಟ. ಒಂದು ಎಂಜಿನ್ ಕೈಕೊಟ್ಟರೂ ಇನ್ನೊಂದರಲ್ಲೇ ಆ ಬೆಟ್ಟ ತಪ್ಪಿಸಿ ಏರಬಲ್ಲಷ್ಟು ಹಗುರ ಇರಲೇಬೇಕು ಎಂಬುದು ನಿಯಮ. ಬಿಸಿಲೇರಿದರೆ ಗಾಳಿ ಇನ್ನೂ ತೆಳುವಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಣಿವೆಯಲ್ಲಿ ಗಾಳಿಯೂ ಜೋರಾಗುತ್ತದೆ. ಆದ್ದರಿಂದ ಅಲ್ಲಿ ಪ್ರಯಾಣಿಕರ ವಿಮಾನಗಳ ಓಡಾಟ ಬೆಳಗಿನ ಹೊತ್ತಿನಲ್ಲೇ. ಅಲ್ಲಿಗೆ ಹಾರುವ ಪೈಲಟ್‌ಗಳಿಗೂ ಆ ನಿಲ್ದಾಣಕ್ಕೆಂದೇ ಪ್ರತ್ಯೇಕ ತರಬೇತಿ ಆಗಿರಬೇಕು.

ಪೋರ್ಟ್ ಬ್ಲೇರ್ ಇದಕ್ಕೆ ತಿರುಗುಮುರುಗು. ವೀರ ಸಾವರ್ಕರ್ ನಿಲ್ದಾಣ ಕಡಲಮಟ್ಟಕ್ಕೆ ಹತ್ತಿರ, ಗಾಳಿ ದಟ್ಟ, ರನ್‌ವೇ ಮೂರು ಕಿಲೋಮೀಟರ್‌ಗಿಂತ ಉದ್ದ. ತೊಡಕು ಬರುವುದು ಇಳಿಯಲು ಆಗದೆ ಹೋದಾಗ. ಮಳೆ ಸುರಿದು ರನ್‌ವೇ ಕಾಣದಿದ್ದರೆ, ಅಡ್ಡಗಾಳಿ ಹೆಚ್ಚಾದರೆ ಬೇರೆ ನಿಲ್ದಾಣಕ್ಕೆ ಹೋಗಬೇಕು. ಬೆಂಗಳೂರಲ್ಲಿ ಮಂಜು ಮುಸುಕಿದರೆ ಚೆನ್ನೈಗೋ ಹೈದರಾಬಾದಿಗೋ ಹೋಗಿ ಇಳಿಯಬಹುದು, ಒಂದು ಗಂಟೆಯೊಳಗಿನ ದಾರಿ. ಪೋರ್ಟ್ ಬ್ಲೇರ್‌ನಿಂದ ಕೋಲ್ಕತ್ತ 1,300 ಕಿಲೋಮೀಟರ್, ಚೆನ್ನೈ 1,370 ಕಿಲೋಮೀಟರ್. ನಡುವೆ ಬರೀ ನೀರು. ಅಲ್ಲಿಗೆ ಹೋದ ವಿಮಾನ ಇಳಿಯಲಾಗದೆ ಚೆನ್ನೈಗೋ ಕೋಲ್ಕತ್ತಕ್ಕೋ ವಾಪಸ್ ಬಂದ ಉದಾಹರಣೆಗಳು ಬೇಕಾದಷ್ಟಿವೆ. ಪ್ರಯಾಣಿಕರಿಗೆ ಬೇಸರವಾಗುತ್ತದೆ ನಿಜ. ಆದರೆ ಹಾಗೆ ವಾಪಸ್ ಬರುವಷ್ಟು ಇಂಧನ ತುಂಬಿಸಿ ಕಳಿಸಿದ್ದರಲ್ಲ, ಅದು ಅವರು ಮಾಡಿದ ಸರಿಯಾದ ಕೆಲಸ.

ಈಗ ಲೇಹ್‌ನಿಂದ ಪೋರ್ಟ್ ಬ್ಲೇರ್‌ಗೆ ನೇರವಾಗಿ ಒಂದು ಎ320 ಕಳಿಸಬೇಕು ಎಂದುಕೊಂಡು ನಾನು ಹಾಳೆಯ ಮೇಲೆ ಇಂಧನದ ಲೆಕ್ಕ ಬರೆಯುತ್ತೇನೆ. ಈ ವಿಮಾನ ಗಂಟೆಗೆ ಎರಡರಿಂದ ಎರಡೂವರೆ ಟನ್ ಇಂಧನ ಸುಡುತ್ತದೆ. ನಾಲ್ಕು ಗಂಟೆಗೂ ಮೀರಿದ ಹಾರಾಟಕ್ಕೆ ಹತ್ತು ಟನ್ ಎಂದು ಇಟ್ಟುಕೊಳ್ಳಿ. ಗಾಳಿ ಎದುರಾದರೆ, ದಾರಿ ಸುತ್ತಾದರೆ ಎಂದು ಅದರ ನೂರಕ್ಕೆ ಐದರಷ್ಟು, ಅಂದರೆ ಅರ್ಧ ಟನ್. ಇಳಿಯಲಾಗದಿದ್ದರೆ ಕೋಲ್ಕತ್ತಕ್ಕೆ ಹೋಗಲು ಎರಡು ಗಂಟೆ, ನಾಲ್ಕರಿಂದ ಐದು ಟನ್. ಅಲ್ಲಿ ಹೋದ ಮೇಲೂ ಮುಟ್ಟದೆ ಉಳಿಸಿಕೊಳ್ಳಬೇಕಾದ ಅರ್ಧ ಗಂಟೆಯ ಇಂಧನ, ಒಂದು ಟನ್‌ಗೆ ಸ್ವಲ್ಪ ಮೇಲೆ. ಎಲ್ಲ ಸೇರಿ ಹದಿನಾರು ಟನ್‌ನ ಹತ್ತಿರ. ಖಾಲಿ ವಿಮಾನದ ತೂಕ ನಲವತ್ತೆರಡು–ನಲವತ್ತಮೂರು ಟನ್. 180 ಜನ, ಅವರ ಸಾಮಾನು ಸೇರಿ ಹದಿನೇಳು ಟನ್. ಒಟ್ಟು ಎಪ್ಪತ್ತೈದು ಟನ್ ದಾಟಿತು. ಕಡಲಮಟ್ಟದಲ್ಲಿ ಉದ್ದನೆಯ ರನ್‌ವೇ ಮೇಲೆ ಈ ವಿಮಾನ ಹೊರಬಲ್ಲ ಗರಿಷ್ಠ ತೂಕಕ್ಕೆ ಇದು ಬಹಳ ಹತ್ತಿರ. ಲೇಹ್‌ನ ತೆಳು ಗಾಳಿಯಲ್ಲಿ, ಬೆಟ್ಟಗಳ ನಡುವೆ, ಆ ತೂಕ ಹೊತ್ತು ಏಳುವುದು ಆಗದ ಮಾತು. ತೂಕ ಇಳಿಸಬೇಕೆಂದರೆ ಇಂಧನಕ್ಕೆ ಕೈ ಹಾಕುವಂತಿಲ್ಲ, ಜನರನ್ನೇ ಇಳಿಸಬೇಕು. ಅರ್ಧಕ್ಕರ್ಧ ಸೀಟು ಖಾಲಿ ಬಿಟ್ಟು ಅಷ್ಟು ದೂರ ಹೋಗುವ ವಿಮಾನವನ್ನು ಯಾವ ಸಂಸ್ಥೆಯೂ ಓಡಿಸುವುದಿಲ್ಲ. ಲೇಹ್‌ನಿಂದ ಹೊರಡುವ ವಿಮಾನಗಳು ದೆಹಲಿಯಂಥ ಹತ್ತಿರದ ಊರುಗಳಿಗೆ ಹೋಗುವುದು ಈ ಕಾರಣಕ್ಕೂ ಹೌದು: ಕಡಿಮೆ ಇಂಧನದಲ್ಲಿ ಹಗುರವಾಗಿ ಏಳಬಹುದು.

ಹಾಗಾದರೆ ದೆಹಲಿ ಸುತ್ತಿ ಹೋದರೆ ಬಹಳ ದೂರ ಆಗುತ್ತದೆಯೇ? ಇಲ್ಲ ಅಮ್ಮ. ಲೇಹ್–ದೆಹಲಿ 620 ಕಿಲೋಮೀಟರ್, ದೆಹಲಿ–ಪೋರ್ಟ್ ಬ್ಲೇರ್ ಹತ್ತಿರ ಹತ್ತಿರ 2,480 ಕಿಲೋಮೀಟರ್. ಕೂಡಿಸಿದರೆ 3,100. ನೇರ ಗೆರೆಗಿಂತ 170 ಕಿಲೋಮೀಟರ್ ಹೆಚ್ಚು, ಅಷ್ಟೇ. ಹಾರುವ ಹೊತ್ತೂ ಒಂದೂಕಾಲು–ಒಂದೂವರೆ ಗಂಟೆ, ಆಮೇಲೆ ಮೂರೂವರೆ ಗಂಟೆ, ಎರಡೂ ಸೇರಿ ಐದು ಗಂಟೆ. ಹೊತ್ತು ತಿನ್ನುವುದು ಎರಡು ವಿಮಾನಗಳ ನಡುವಿನ ಕಾಯುವಿಕೆ. ಲೇಹ್ ವಿಮಾನ ಬೆಳಿಗ್ಗೆಯೇ ಹೊರಟರೂ ದೆಹಲಿ ಮುಟ್ಟುವಾಗ ಒಂಬತ್ತೋ ಹನ್ನೊಂದೋ ಗಂಟೆ. ಪೋರ್ಟ್ ಬ್ಲೇರ್ ಕಡೆಯ ವಿಮಾನಗಳು ಸಾಮಾನ್ಯವಾಗಿ ಅದಕ್ಕೆ ಮೊದಲೇ, ಬೆಳಗಿನ ಜಾವದಲ್ಲಿ ಹೊರಟುಬಿಟ್ಟಿರುತ್ತವೆ. ಅಲ್ಲಿಗೆ ಹಗಲು ಬೆಳಕಿನಲ್ಲಿ ಹೋಗಿ ಬರುವುದು ಬಹುಕಾಲದ ರೂಢಿ. ಗಡಿಯಾರ ದೇಶಕ್ಕೆಲ್ಲ ಒಂದೇ ಆದರೂ ಸೂರ್ಯ ಲೇಹ್‌ಗಿಂತ ಅಲ್ಲಿ ಒಂದು ಗಂಟೆ ಮುಂದಿದ್ದಾನೆ. 15 ಡಿಗ್ರಿ ರೇಖಾಂಶಕ್ಕೆ ಒಂದು ಗಂಟೆ ತಾನೇ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ಐದರ ಸುಮಾರಿಗೆ ಸೂರ್ಯ ಮುಳುಗಿರುತ್ತಾನೆ. ಹಾಗಾಗಿ ಒಂದು ರಾತ್ರಿ ದೆಹಲಿಯಲ್ಲೋ ಕೋಲ್ಕತ್ತದಲ್ಲೋ ಚೆನ್ನೈಯಲ್ಲೋ ಕಳೆಯಬೇಕಾಗುತ್ತದೆ. ನಿಮ್ಮ ಮಗ ಹೇಳಿದ ಎರಡು ದಿನದ ಲೆಕ್ಕ ಇದೇ. ವೇಳಾಪಟ್ಟಿ ಬೇಸಿಗೆಗೂ ಚಳಿಗಾಲಕ್ಕೂ ಬದಲಾಗುತ್ತಿರುತ್ತದೆ, ಕೆಲವೊಮ್ಮೆ ಅದೇ ದಿನ ಜೋಡಿ ಸಿಕ್ಕರೂ ಸಿಗಬಹುದು. ಚಿಕ್ಕ ಮಗು ಜೊತೆಗಿರುವಾಗ ಅಂಥ ಜೋಡಿಗೆ ಆಸೆಪಡಬೇಡಿ ಎಂದೇ ಹೇಳುತ್ತೇನೆ. ಲೇಹ್‌ನಲ್ಲಿ ಮೋಡ ಕವಿದರೆ, ಹಿಮ ಬಿದ್ದರೆ ವಿಮಾನ ತಡವಾಗುವುದು, ರದ್ದಾಗುವುದು ಚಳಿಗಾಲದಲ್ಲಿ ಮಾಮೂಲು.

ಮಗನಿಗೆ ಇಷ್ಟು ಹೇಳಿ. ಎರಡು ಹಾರಾಟವನ್ನೂ ಒಂದೇ ಪಿಎನ್‌ಆರ್‌ನಲ್ಲಿ ತೆಗೆಯಲಿ. ಬೇರೆ ಬೇರೆ ಟಿಕೆಟ್ ಮಾಡಿಸಿದರೆ ಮೊದಲನೆಯದು ರದ್ದಾಗಿ ಎರಡನೆಯದು ತಪ್ಪಿದಾಗ ಹಣ ಹೋಗುವುದು ನಮ್ಮದೇ. ಕೆಲಸಕ್ಕೆ ಹಾಜರಾಗುವ ದಿನಕ್ಕೂ ತಲುಪುವ ದಿನಕ್ಕೂ ನಡುವೆ ಚಳಿಗಾಲದಲ್ಲಾದರೆ ಎರಡು ದಿನ ಬಿಡುವು ಇಟ್ಟುಕೊಳ್ಳಲಿ. ಮಗುವಿಗೆ ಎರಡು ವರ್ಷ ತುಂಬಿರುವುದರಿಂದ ಮಡಿಲಲ್ಲಿ ಕೂರಿಸಿಕೊಳ್ಳುವಂತಿಲ್ಲ, ಅದಕ್ಕೂ ಸೀಟು ಬೇಕು. ಟಿಕೆಟ್ ಮೇಲೆ ಊರಿನ ಸಂಕೇತವನ್ನೂ ಒಮ್ಮೆ ಕಣ್ಣಿಟ್ಟು ನೋಡಲಿ: ಲೇಹ್‌ಗೆ ಐಎಕ್ಸ್ಎಲ್, ಪೋರ್ಟ್ ಬ್ಲೇರ್‌ಗೆ ಐಎಕ್ಸ್‌ಝಡ್, ಒಂದೇ ಅಕ್ಷರದ ವ್ಯತ್ಯಾಸ. 2024ರಲ್ಲಿ ಪೋರ್ಟ್ ಬ್ಲೇರ್ ಊರಿಗೆ ಶ್ರೀ ವಿಜಯಪುರಂ ಎಂದು ಹೆಸರು ಬದಲಾಗಿದೆ, ಆ ಹೆಸರು ಕಂಡರೆ ಗಾಬರಿ ಬೇಡ.

ಮಗುವಿನ ಕಿವಿಯ ಬಗ್ಗೆ ಸೊಸೆಗೆ ಒಂದು ಮಾತು. ಬೇರೆ ಊರಿಂದ ವಿಮಾನ ಏರಿದಾಗ ಒಳಗಿನ ಗಾಳಿ ನಿಧಾನಕ್ಕೆ ತೆಳುವಾಗುತ್ತದೆ, ಇಳಿಯುವಾಗ ದಟ್ಟವಾಗುತ್ತದೆ, ಕಿವಿ ನೋವು ಹೆಚ್ಚಾಗಿ ಬರುವುದು ಈ ಇಳಿಯುವ ಹೊತ್ತಿನಲ್ಲಿ. ಲೇಹ್‌ನಲ್ಲಿ ಹಾಗಲ್ಲ. ಹಾರಾಟದಲ್ಲಿ ವಿಮಾನದೊಳಗಿನ ಒತ್ತಡ 8,000 ಅಡಿ ಎತ್ತರದ ಊರಿಗೆ ಸಮ ಇರುತ್ತದೆ. ಲೇಹ್ ಇರುವುದೇ 10,682 ಅಡಿಯಲ್ಲಿ. ಅಂದರೆ ವಿಮಾನ ಮೇಲೇರುತ್ತಿರುವಾಗಲೇ ಒಳಗಿನ ಗಾಳಿ ದಟ್ಟವಾಗತೊಡಗುತ್ತದೆ. ಹಾಗಾಗಿ ಹೊರಟ ಕೂಡಲೇ ಒಮ್ಮೆ, ದೆಹಲಿಯಲ್ಲಿ ಇಳಿಯುವಾಗ ಇನ್ನೊಮ್ಮೆ ಮಗುವಿಗೆ ನೀರೋ ಹಾಲೋ ಗುಟುಕು ಗುಟುಕಾಗಿ ಕುಡಿಸುತ್ತಿರಲಿ. ನುಂಗುತ್ತಿದ್ದರೆ ಕಿವಿ ಬಿಟ್ಟುಕೊಳ್ಳುತ್ತದೆ. ನೆಗಡಿಯಾಗಿ ಮೂಗು ಕಟ್ಟಿದ್ದರೆ ಹೊರಡುವ ಮುಂಚೆ ಮಕ್ಕಳ ವೈದ್ಯರಿಗೆ ತೋರಿಸಿಬಿಡಿ.

ಕೊನೆಗೆ ನಿಮ್ಮ ಪ್ರಯಾಣ. ಮಂಡಕಳ್ಳಿಯಿಂದ ಪೋರ್ಟ್ ಬ್ಲೇರ್ ಸುಮಾರು 1,750 ಕಿಲೋಮೀಟರ್. ನಮ್ಮ ರನ್‌ವೇ 1,740 ಮೀಟರ್, ಅದರಲ್ಲಿ ಓಡಾಡುವುದು ಪಂಖ ಇರುವ ಎಟಿಆರ್ ವಿಮಾನ. ಅದರ ವೇಗ ಗಂಟೆಗೆ 500 ಕಿಲೋಮೀಟರ್‌ನಷ್ಟು. ಕಡಲ ಮೇಲೆ ಅಷ್ಟು ದೂರ ಹೋಗಿ, ಇಳಿಯಲಾಗದಿದ್ದರೆ ವಾಪಸ್ ಬರುವ ಇಂಧನವನ್ನೂ ಹೊತ್ತುಕೊಳ್ಳುವುದು ಅದರ ಕೈಲಿ ಆಗುವುದಿಲ್ಲ. ರನ್‌ವೇ ಉದ್ದ ಮಾಡಿ ದೊಡ್ಡ ವಿಮಾನ ತರಿಸುವ ಮಾತು ವರ್ಷಗಳಿಂದ ನಡೆದಿದೆ, ನಂಜನಗೂಡು ರಸ್ತೆ, ರೈಲು ಹಳಿ ಅಡ್ಡ ಇವೆ. ಅದು ಆಗಬೇಕು ಎಂದು ಮನಸಾರೆ ಬಯಸುವವರಲ್ಲಿ ನಾನೂ ಒಬ್ಬ. ಸದ್ಯಕ್ಕೆ ನೀವು ಮದ್ದೂರಿನಿಂದ ಹಿಂದಕ್ಕೆ ಮೈಸೂರಿಗೆ ಬಂದು ವಿಮಾನ ಹಿಡಿಯುವುದರಲ್ಲಿ ಅರ್ಥವಿಲ್ಲ. ನೀವು ಇರುವುದೇ ಬೆಂಗಳೂರಿನ ದಾರಿಯಲ್ಲಿ. ದೇವನಹಳ್ಳಿಗೆ ಕಾರಿನಲ್ಲಿ ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ, ನಗರದ ಟ್ರಾಫಿಕ್ ನಂಬುವ ಹಾಗಿಲ್ಲ. ಅಲ್ಲಿಂದ ಪೋರ್ಟ್ ಬ್ಲೇರ್ 1,640 ಕಿಲೋಮೀಟರ್, ನೇರ ವಿಮಾನ ಸಿಕ್ಕರೆ ಎರಡೂವರೆ ಗಂಟೆಯ ಆಸುಪಾಸು. ಬೆಳಗಿನ ಜಾವದ ವಿಮಾನ ಆದರೆ ಹಿಂದಿನ ರಾತ್ರಿಯೇ ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಇದ್ದುಬಿಡಿ. ಸರ್ಕಾರಿ ಗುರುತಿನ ಚೀಟಿ ಇದ್ದರೆ ಸಾಕು, ನಮ್ಮ ದೇಶದವರಿಗೆ ಪೋರ್ಟ್ ಬ್ಲೇರ್‌ಗೆ ಹೋಗಲು ಬೇರೆ ಅನುಮತಿ ಬೇಕಿಲ್ಲ. ಮುಂಗಾರು ಕೇರಳಕ್ಕೆ ಬರುವ ಮೊದಲೇ, ಮೇ ಮೂರನೇ ವಾರದ ಹೊತ್ತಿಗೆ ಅಂಡಮಾನ್ ಮುಟ್ಟುತ್ತದೆ. ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಯಾವಾಗ ಹೋದರೂ ವಿಮಾನ ತಪ್ಪುವ, ವಾಪಸ್ ಬರುವ ಕಾಟ ಕಡಿಮೆ. ಮಗ ಅಲ್ಲಿ ಮನೆ ಹಿಡಿದು ನೆಲೆಯಾದ ಮೇಲೆ ಜನವರಿಯಲ್ಲೋ ಫೆಬ್ರವರಿಯಲ್ಲೋ ಟಿಕೆಟ್ ಮಾಡಿಸಿಕೊಳ್ಳಿ.